ವಾಲ್ವಿಗೆ ಹಾಕುವ ಬೀಗ-ಸಾಧನವನ್ನು ಆರಿಸುವುದು ಹೇಗೆ: ಕರಾವಳಿಯ ಕಾರ್ಖಾನೆಗಳಿಗೆ ಒಂದು ಮಾರ್ಗದರ್ಶಿ

"ನಮ್ಮ ಘಟಕಕ್ಕೆ ಯಾವ ಲಾಕೌಟ್ ಕಿಟ್, ಅಂದರೆ ದುರಸ್ತಿಯ ವೇಳೆ ವಾಲ್ವುಗಳಿಗೆ ಬೀಗ ಹಾಕುವ ಸಾಧನಗಳ ಪೆಟ್ಟಿಗೆ, ತರಿಸಿದರೆ ಸಾಕು?" ಎಂಬ ಪ್ರಶ್ನೆ ಪ್ರತಿವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ತಪ್ಪದೆ ಬರುತ್ತದೆ. ಬೈಕಂಪಾಡಿಯ ಖಾದ್ಯತೈಲ ಘಟಕದವರು, ಮಲ್ಪೆಯ ಐಸ್ ಪ್ಲಾಂಟಿನವರು, ಉಳ್ಳಾಲದ ಫಿಶ್‌ಮೀಲ್ ಕಾರ್ಖಾನೆಯವರು, ಕಾರ್ಕಳದ ಕಡೆಯ ಗೇರುಬೀಜ ಕಾರ್ಖಾನೆಯವರು, ಎಲ್ಲರೂ ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಕೇಳುತ್ತಾರೆ. ಅದಕ್ಕೆ ಕಾರಣವೂ ಇದೆ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ನಿಷೇಧವಿರುವುದರಿಂದ, ಮೀನನ್ನು ನೆಚ್ಚಿಕೊಂಡ ಘಟಕಗಳ ವಾರ್ಷಿಕ ದುರಸ್ತಿ ಬಹುಮಟ್ಟಿಗೆ ಆ ಎರಡು ತಿಂಗಳಲ್ಲೇ, ಅಂದರೆ ಸುರಿಯುವ ಮಳೆಯಲ್ಲೇ ನಡೆಯಬೇಕಾಗುತ್ತದೆ. ಪೈಪುಗಳನ್ನು ಬಿಚ್ಚುವ, ಟ್ಯಾಂಕಿನೊಳಗೆ ಇಳಿಯುವ, ಪಂಪುಗಳನ್ನು ಎತ್ತುವ ಕೆಲಸಗಳೆಲ್ಲ ಒಟ್ಟಿಗೆ ಬೀಳುವುದೂ ಆಗಲೇ.

ಆ ಪ್ರಶ್ನೆಗೆ ನನ್ನ ಉತ್ತರ ಎಂದಿಗೂ ಒಂದೇ: ಕಿಟ್ ಆರಿಸುವುದು ಕೊನೆಯ ಕೆಲಸ, ವಾಲ್ವನ್ನು ಅಳೆಯುವುದು ಮೊದಲ ಕೆಲಸ. ಕ್ಯಾಟಲಾಗು ನೋಡಿ ತರಿಸಿದ ಪೆಟ್ಟಿಗೆಯಲ್ಲಿ ಅರ್ಧದಷ್ಟು ಸಾಧನಗಳು ನಿಮ್ಮ ಯಾವ ವಾಲ್ವಿಗೂ ಕೂಡುವುದಿಲ್ಲ. ಕೂಡದ ಸಾಧನ ಕಪಾಟು ಸೇರುತ್ತದೆ, ಅದರ ಜಾಗಕ್ಕೆ ಬೈಂಡಿಂಗ್ ವಯರು ಬರುತ್ತದೆ. ಬೈಂಡಿಂಗ್ ವಯರನ್ನು ಯಾರು ಬೇಕಾದರೂ ಕಟಿಂಗ್ ಪ್ಲೈಯರಿನಿಂದ ಕತ್ತರಿಸಬಹುದು.

ಮೊದಲಿಗೆ ಪದಗಳ ಅರ್ಥವನ್ನು ಸ್ಪಷ್ಟಮಾಡಿಕೊಳ್ಳೋಣ. ಲಾಕೌಟ್ ಎಂದರೆ, ದುರಸ್ತಿ ನಡೆಯುತ್ತಿರುವಷ್ಟು ಹೊತ್ತೂ ಹಬೆ, ಗಾಳಿ, ಅನಿಲ, ರಾಸಾಯನಿಕ ಅಥವಾ ವಿದ್ಯುತ್ತು ಕೆಲಸದ ಜಾಗಕ್ಕೆ ಬರದಂತೆ ಅದರ ಮೂಲವನ್ನು ಮುಚ್ಚಿ, ಮುಚ್ಚಿದ್ದನ್ನು ಬೇರೆ ಯಾರೂ ತೆರೆಯಲಾಗದಂತೆ ಬೀಗ ಹಾಕುವುದು. ಟ್ಯಾಗೌಟ್ ಎಂದರೆ, ಆ ಬೀಗ ಯಾರದು, ಯಾವ ಕೆಲಸಕ್ಕೆ ಹಾಕಿದ್ದು ಎಂದು ಬರೆದ ಚೀಟಿಯನ್ನು ಅಲ್ಲಿಯೇ ತೂಗುಹಾಕುವುದು. ವಾಲ್ವ್ ಲಾಕೌಟ್ ಸಾಧನ ಎಂದರೆ ಬೀಗವಲ್ಲ. ಬೀಗ ಹಾಕಲು ಜಾಗವೇ ಇಲ್ಲದ ವಾಲ್ವಿನ ಚಕ್ರವನ್ನೋ ಲಿವರನ್ನೋ ಹಿಡಿದು, ಬೀಗಕ್ಕೆ ಒಂದು ಕಿಂಡಿಯನ್ನು ಒದಗಿಸುವ ಕವಚ, ಕೊಂಡಿ ಅಥವಾ ಕೇಬಲ್.

ಅಮೆರಿಕದ 1989ರ ಲಾಕೌಟ್ ನಿಯಮಾವಳಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ ಇದರ ತಿರುಳು ನಮ್ಮಲ್ಲಿ ಅದಕ್ಕಿಂತ ಹಳೆಯದು. 1948ರ ಕಾರ್ಖಾನೆಗಳ ಕಾಯ್ದೆಯ 37ನೇ ಕಲಮಿನಲ್ಲಿ, ಒತ್ತಡದಲ್ಲಿರುವ ಸ್ಫೋಟಕ ಅಥವಾ ದಹ್ಯ ಅನಿಲದ ಭಾಗವನ್ನು ತೆರೆಯುವುದಕ್ಕೆ ಮೂರು ಷರತ್ತುಗಳನ್ನು ವಿಧಿಸಲಾಗಿತ್ತು: ಜೋಡಣೆಯನ್ನು ಸಡಿಲಿಸುವ ಮೊದಲೇ ಸ್ಟಾಪ್ ವಾಲ್ವ್ ಅಥವಾ ಬೇರೆ ವಿಧಾನದಿಂದ ಹರಿವನ್ನು ನಿಲ್ಲಿಸಬೇಕು, ಒಳಗಿನ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡಕ್ಕೆ ಇಳಿಸಬೇಕು, ಮತ್ತು ಜೋಡಣೆಯನ್ನು ಮರಳಿ ಬಿಗಿಯುವ ತನಕ ಅನಿಲ ಒಳಬರದಂತೆ ತಡೆಯಬೇಕು. ಬೀಗ ಇರುವುದು ಆ ಮೂರನೆಯ ಷರತ್ತಿಗೆ. ಮೊದಲ ಎರಡನ್ನು ಬಿಟ್ಟು ಬೀಗವನ್ನಷ್ಟೇ ತೂಗುಹಾಕಿದರೆ ಕೆಲಸಗಾರನಿಗೆ ರಕ್ಷಣೆ ಸಿಕ್ಕಂತೆ ಆಗುವುದಿಲ್ಲ.

1. ನಡೆದು ನೋಡಿ, ಅಳೆದು ಬರೆದುಕೊಳ್ಳಿ

ಒಂದು ಪಟ್ಟಿ, ಒಂದು ಟೇಪು, ಒಂದು ಮೊಬೈಲ್ ಕ್ಯಾಮೆರಾ ಹಿಡಿದುಕೊಂಡು, ಆ ಲೈನಿನಲ್ಲಿ ನಿತ್ಯ ಕೆಲಸ ಮಾಡುವ ಫಿಟ್ಟರನ್ನು ಜೊತೆಗೆ ಕರೆದುಕೊಂಡು ಹೊರಡಿ. ಡ್ರಾಯಿಂಗನ್ನು ಮಾತ್ರ ನಂಬಬೇಡಿ. ಹತ್ತು ವರ್ಷದ ಹಿಂದೆ ಸೇರಿಸಿದ ಬೈಪಾಸ್ ಲೈನು ಫಿಟ್ಟರಿಗೆ ಗೊತ್ತಿರುತ್ತದೆ, ಡ್ರಾಯಿಂಗಿನಲ್ಲಿ ಇರುವುದಿಲ್ಲ. ಪ್ರತಿಯೊಂದು ವಾಲ್ವಿಗೂ ಒಂದು ಸಂಖ್ಯೆ ಕೊಟ್ಟು, ಒಳಗೆ ಹರಿಯುವುದು ಏನು, ಅದರ ಒತ್ತಡ ಮತ್ತು ಬಿಸಿ ಎಷ್ಟು, ವಾಲ್ವಿನ ಬಗೆ ಯಾವುದು, ಸಾಮಾನ್ಯವಾಗಿ ಅದು ತೆರೆದಿರುತ್ತದೆಯೋ ಮುಚ್ಚಿರುತ್ತದೆಯೋ, ದುರಸ್ತಿಯ ಹೊತ್ತಿಗೆ ಅದು ಯಾವ ಸ್ಥಿತಿಯಲ್ಲಿರಬೇಕು, ಸುತ್ತ ಕೈಯಾಡಿಸಲು ಜಾಗ ಎಷ್ಟಿದೆ ಎಂಬುದನ್ನು ಬರೆದುಕೊಳ್ಳಿ.

ಅಳತೆಯಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಗೇಟ್ ವಾಲ್ವಿನ ಕವಚವನ್ನು ಮಾರುವುದು ಪೈಪಿನ ಅಳತೆಯ ಮೇಲೆ ಅಲ್ಲ, ಕೈಚಕ್ರದ ಹೊರ ವ್ಯಾಸದ ಮೇಲೆ. ಎರಡು ಇಂಚಿನ ಪೈಪಿಗೆ ಕೂರಿಸಿದ ಹಿತ್ತಾಳೆಯ ಗೇಟ್ ವಾಲ್ವಿನ ಚಕ್ರ ಅಂಗೈಯಗಲ ಇರುತ್ತದೆ. ಅದೇ ಎರಡು ಇಂಚಿನ ಪೈಪಿಗೆ ಕೂರಿಸಿದ ಎರಕದ ಉಕ್ಕಿನ ವಾಲ್ವಿನ ಚಕ್ರ ಹತ್ತಿರಹತ್ತಿರ ಒಂದು ಗೇಣು ಇರುತ್ತದೆ. ನಾನೇ ಒಮ್ಮೆ ಒಂದು ಘಟಕಕ್ಕೆ ಪೈಪಿನ ಅಳತೆ ಕೇಳಿ ಬರೆದುಕೊಟ್ಟ ಪಟ್ಟಿಯ ಪ್ರಕಾರ ಬಂದ ಹನ್ನೆರಡು ಕವಚಗಳಲ್ಲಿ ಒಂಬತ್ತನ್ನು ಹಿಂದಿರುಗಿಸಬೇಕಾಯಿತು. ಅಂದಿನಿಂದ ಚಕ್ರಕ್ಕೆ ಟೇಪು ಹಿಡಿದ ಫೋಟೊ ಇಲ್ಲದೆ ಯಾರಿಗೂ ಅಳತೆ ಹೇಳಿಲ್ಲ.

ಬಾಲ್ ವಾಲ್ವಿನಲ್ಲಿ ಲಿವರಿನ ಉದ್ದ, ಅಗಲ ಮತ್ತು ದಪ್ಪ, ಲಿವರಿನಿಂದ ಪೈಪಿಗೆ ಇರುವ ಅಂತರ, ಪೈಪಿನ ಮೇಲೆ ಇನ್ಸುಲೇಷನ್ ಇದ್ದರೆ ಅದರ ದಪ್ಪ, ಇಷ್ಟನ್ನೂ ಅಳೆಯಿರಿ. ಇನ್ಸುಲೇಷನ್ ಇರುವ ಹಬೆಯ ಪೈಪಿಗೆ ಸಾಮಾನ್ಯ ಬಾಲ್ ವಾಲ್ವ್ ಕೊಂಡಿ ಕೂರುವುದೇ ಇಲ್ಲ. ಪ್ಲಗ್ ವಾಲ್ವಿಗೆ ಮೇಲೆ ಚಾಚಿದ ಚೌಕ ಸ್ಪಿಂಡಲಿನ, ಅಂದರೆ ವಾಲ್ವನ್ನು ತಿರುಗಿಸುವ ದಂಡದ, ಅಳತೆ ಬೇಕು.

ಅಳೆಯುವಾಗಲೇ ಲಿವರಿನ ಬುಡವನ್ನೂ ಒಮ್ಮೆ ಒರೆಸಿ ನೋಡಿ. ಈಚಿನ ಅನೇಕ ಬಾಲ್ ವಾಲ್ವುಗಳಲ್ಲಿ ಬೀಗಕ್ಕೆಂದೇ ತೂತು ಇರುತ್ತದೆ, ಬಟರ್‌ಫ್ಲೈ ವಾಲ್ವಿನ ಹಲ್ಲುತಟ್ಟೆಯಲ್ಲೂ ಇರುತ್ತದೆ. ಬಣ್ಣ ಬಳಿದು ಬಳಿದು ಅದು ಮುಚ್ಚಿಹೋಗಿರುತ್ತದೆ ಅಷ್ಟೆ. ಅಂಥ ತೂತಿಗೆ ನೇರವಾಗಿ ಬೀಗ ಹಾಕುವುದು ಯಾವ ಕವಚಕ್ಕಿಂತಲೂ ಭದ್ರ, ಅದಕ್ಕೆ ಬೀಗದ ಹೊರತು ಬೇರೆ ಖರ್ಚೂ ಇಲ್ಲ.

2. ಯಾವುದನ್ನು ಮುಚ್ಚಿ ಬೀಗ ಹಾಕಕೂಡದು ಎಂಬುದನ್ನು ಗುರುತುಮಾಡಿ

ಪಟ್ಟಿಯಲ್ಲಿ ಕೆಲವಕ್ಕೆ ಕೆಂಪು ಗುರುತು ಹಾಕಿ. ಸೇಫ್ಟಿ ವಾಲ್ವ್, ಅಂದರೆ ಒತ್ತಡ ಮಿತಿ ಮೀರಿದಾಗ ತಾನಾಗಿ ತೆರೆದುಕೊಳ್ಳುವ ವಾಲ್ವಿನ ದಾರಿಯನ್ನು ಪಾತ್ರೆ ಒತ್ತಡದಲ್ಲಿರುವಾಗ ಯಾವ ಕಾರಣಕ್ಕೂ ಮುಚ್ಚಬಾರದು. ಬೆಂಕಿ ನಂದಿಸುವ ನೀರಿನ ಲೈನಿನ ವಾಲ್ವುಗಳಿಗೆ ತೆರೆದ ಸ್ಥಿತಿಯಲ್ಲೇ ಬೀಗವಿರಬೇಕು. ಚೆಕ್ ವಾಲ್ವ್ ಹಿಮ್ಮುಖ ಹರಿವನ್ನು ತಡೆಯುವುದಕ್ಕೆ ಇರುವುದು, ದುರಸ್ತಿಗಾರನ ಪ್ರಾಣಕ್ಕೆ ಅದು ಹೊಣೆಯಾಗಲಾರದು. ಹರಿವನ್ನು ಹೆಚ್ಚುಕಡಿಮೆ ಮಾಡುವ ಕಂಟ್ರೋಲ್ ವಾಲ್ವ್ ಕೂಡ ಹಾಗೆಯೇ. ಅದನ್ನು ಪೂರ್ಣ ಮುಚ್ಚಿದರೂ ಸ್ವಲ್ಪ ಸೋರುವುದು ಸಹಜವಾದ್ದರಿಂದ ಅದರ ಹಿಂದಿರುವ ಕೈವಾಲ್ವನ್ನೇ ಮುಚ್ಚಿ ಬೀಗ ಹಾಕಬೇಕು.

3. ವಾಲ್ವಿನ ಬಗೆಗೆ ತಕ್ಕ ಸಾಧನವನ್ನು ಆರಿಸಿ

ಗೇಟ್ ಮತ್ತು ಗ್ಲೋಬ್ ವಾಲ್ವುಗಳಿಗೆ, ಅಂದರೆ ಚಕ್ರವನ್ನು ಹಲವು ಸುತ್ತು ತಿರುಗಿಸಬೇಕಾದ ವಾಲ್ವುಗಳಿಗೆ, ಎರಡು ಚಿಪ್ಪುಗಳಂತೆ ಮುಚ್ಚಿಕೊಳ್ಳುವ ಕವಚ ಸರಿಯಾದದ್ದು. ಚಕ್ರ ಕವಚದೊಳಗೆ ಅವಿತುಕೊಳ್ಳುತ್ತದೆ, ಹೊರಗಿನಿಂದ ಕವಚವನ್ನು ತಿರುಗಿಸಿದರೆ ಅದು ತಾನೇ ಸುತ್ತುತ್ತದೆ ಹೊರತು ಚಕ್ರ ತಿರುಗುವುದಿಲ್ಲ. ಇಲ್ಲಿ ಗಮನಿಸಬೇಕಾದ್ದು ಸ್ಪಿಂಡಲ್. ಕೆಲವು ವಾಲ್ವುಗಳಲ್ಲಿ ತೆರೆದಂತೆಲ್ಲ ಸ್ಪಿಂಡಲ್ ಚಕ್ರದ ನಡುವಿನಿಂದ ಮೇಲೆ ಏರುತ್ತದೆ. ಮುಚ್ಚಿದಾಗಲೂ ಅದರ ತುದಿ ಸ್ವಲ್ಪ ಹೊರಗಿರುವುದುಂಟು, ತೆರೆದ ಸ್ಥಿತಿಯಲ್ಲಿ ಬೀಗ ಹಾಕಬೇಕಾದರಂತೂ ಉದ್ದಕ್ಕೆ ನಿಂತಿರುತ್ತದೆ. ಅಂಥದ್ದಕ್ಕೆ ನಡುವಿನ ಬಿಲ್ಲೆಯನ್ನು ಕಿತ್ತು ತೆಗೆಯಬಹುದಾದ ಕವಚವನ್ನೇ ಕೇಳಿ ತರಿಸಿ. ಕವಚ ಚಕ್ರಕ್ಕಿಂತ ತೀರ ದೊಡ್ಡದಾದರೆ ಸಂದಿಯಿಂದ ಬೆರಳು ತೂರಿಸಿ ಚಕ್ರವನ್ನು ಅಷ್ಟಿಷ್ಟು ತಿರುಗಿಸಬಹುದು. ಆದುದರಿಂದ "ದೊಡ್ಡದು ತಂದರೆ ಎಲ್ಲದಕ್ಕೂ ಆಗುತ್ತದೆ" ಎಂಬ ಲೆಕ್ಕಾಚಾರ ಬೇಡ.

ಬಾಲ್ ವಾಲ್ವ್ ಕಾಲು ಸುತ್ತಿನದು. ಲಿವರ್ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ. ಇಷ್ಟು ಸರಳವಾಗಿರುವುದರಿಂದಲೇ ಅದು ಅಪಾಯಕಾರಿ, ಏಕೆಂದರೆ ದಾರಿಯಲ್ಲಿ ಹೋಗುವವನ ಮೊಣಕೈ ತಾಗಿದರೂ ತೆರೆದುಕೊಂಡೀತು. ಇದಕ್ಕೆ ಲಿವರನ್ನೂ ಪೈಪನ್ನೂ ಒಟ್ಟಿಗೆ ಹಿಡಿಯುವ ಕೊಂಡಿಗಳು ಸಿಗುತ್ತವೆ. ಆರಿಸುವಾಗ ಮೂರು ಸಂಗತಿಗಳನ್ನು ನೋಡಿ. ಮೊದಲನೆಯದಾಗಿ, ಲಿವರನ್ನು ಹಿಡಿದಿರುವ ಮೇಲಿನ ನಟ್ಟು ಮುಚ್ಚಿಹೋಗುತ್ತದೆಯೇ? ನಟ್ಟು ಹೊರಗಿದ್ದರೆ ಒಂದು ಸ್ಪಾನರಿನಿಂದ ಲಿವರನ್ನೇ ಬಿಚ್ಚಿ, ಬೀಗ ಹಾಗೇ ಇರುವಂತೆಯೇ ಸ್ಪಿಂಡಲನ್ನು ತಿರುಗಿಸಬಹುದು. ಎರಡನೆಯದಾಗಿ, ಲಿವರನ್ನು ಹಿಂದೆ ಯಾರಾದರೂ ಬಿಚ್ಚಿ ತಪ್ಪು ದಿಕ್ಕಿನಲ್ಲಿ ಕೂರಿಸಿದ್ದಾರೆಯೇ? ಸ್ಪಿಂಡಲಿನ ತಲೆಯ ಮೇಲೆ ಕೊರೆದ ಗೆರೆ ಇದ್ದರೆ ಅದನ್ನು ನಂಬಿ, ಲಿವರನ್ನಲ್ಲ. ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ: ಮಾರುಕಟ್ಟೆಯ ಅನೇಕ ಕೊಂಡಿಗಳು ಮುಚ್ಚಿದ ಸ್ಥಿತಿಯಲ್ಲಿ ಮಾತ್ರ ಕೂರುತ್ತವೆ. ಆದರೆ ಎರಡು ಮುಚ್ಚಿದ ವಾಲ್ವುಗಳ ನಡುವೆ ಸೋರಿ ಬಂದದ್ದನ್ನು ಹೊರಬಿಡುವ ಚಿಕ್ಕ ಡ್ರೈನ್ ವಾಲ್ವಿಗೆ ತೆರೆದ ಸ್ಥಿತಿಯಲ್ಲಿ ಬೀಗ ಬೇಕಾಗುತ್ತದೆ. ಅದನ್ನು ಯಾರಾದರೂ "ಸೋರುತ್ತಿದೆ" ಎಂದು ಒಳ್ಳೆಯ ಮನಸ್ಸಿನಿಂದಲೇ ಮುಚ್ಚಿದರೂ ಇಡೀ ಏರ್ಪಾಡು ವ್ಯರ್ಥವಾಗುತ್ತದೆ. ಎರಡೂ ಸ್ಥಿತಿಯಲ್ಲಿ ಕೂರುವ ಕೊಂಡಿಗಳನ್ನು ಡ್ರೈನ್ ವಾಲ್ವುಗಳಷ್ಟಾದರೂ ತರಿಸಿ.

ಬಟರ್‌ಫ್ಲೈ ವಾಲ್ವಿನಲ್ಲಿ ಹಿಡಿಕೆಯ ಕೆಳಗಿನ ಒತ್ತುಗೋಲನ್ನು ಅದುಮಿದರೆ ಮಾತ್ರ ಲಿವರ್ ಹಲ್ಲಿನಿಂದ ಬಿಡುತ್ತದೆ. ಆ ಒತ್ತುಗೋಲನ್ನು ಅದುಮಲಾಗದಂತೆ ಹಿಡಿಕೆಯ ಸುತ್ತ ಮುಚ್ಚಿಕೊಳ್ಳುವ ಸಾಧನ ಸಾಕು. ಗೇರ್ ಪೆಟ್ಟಿಗೆ ಇರುವ ದೊಡ್ಡ ಬಟರ್‌ಫ್ಲೈ ವಾಲ್ವಿಗೆ ಚಕ್ರದ ಕವಚವೇ ಬೇಕು. ಪ್ಲಗ್ ವಾಲ್ವಿಗೆ ಸ್ಪಿಂಡಲನ್ನು ಮುಚ್ಚುವ ಎರಡು ತುಂಡಿನ ಕವಚ ಸಿಗುತ್ತದೆ.

ಯಾವುದೂ ಕೂಡದ ಕಡೆ, ಅಥವಾ ಒಂದೇ ಸಾಲಿನಲ್ಲಿ ನಾಲ್ಕೈದು ವಾಲ್ವುಗಳಿಗೆ ಒಟ್ಟಿಗೆ ಬೀಗ ಹಾಕಬೇಕಾದ ಕಡೆ, ಕೇಬಲ್ ಸಾಧನ ಬಳಸುತ್ತಾರೆ. ಇದು ಎಲ್ಲಕ್ಕೂ ಆಗುತ್ತದೆ ಎಂಬ ಕಾರಣಕ್ಕೆ ಎಲ್ಲರ ಮೆಚ್ಚಿನ ಸಾಧನವಾಗಿದೆ, ಮತ್ತು ನಾನು ಕಂಡ ಮಟ್ಟಿಗೆ ಅತಿ ಹೆಚ್ಚು ತಪ್ಪಾಗಿ ಹಾಕುವ ಸಾಧನವೂ ಇದೇ. ಕೇಬಲನ್ನು ಚಕ್ರದ ಕಡ್ಡಿಗಳ ನಡುವೆ ತೂರಿಸಿ, ವಾಲ್ವಿನ ನೊಗದ (ಚಕ್ರದ ಕೆಳಗೆ ಸ್ಪಿಂಡಲನ್ನು ಹಿಡಿದಿರುವ ಚೌಕಟ್ಟಿನ) ಸುತ್ತಲೋ ಪಕ್ಕದ ಅಲುಗಾಡದ ಆಧಾರದ ಸುತ್ತಲೋ ತಂದು, ತುದಿಯನ್ನು ಸಾಧನದ ಕಿಂಡಿಯಲ್ಲಿ ಹಾಯಿಸಿ, ಒಂದು ಕೈಯಲ್ಲಿ ಸಾಧನವನ್ನು ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕೇಬಲನ್ನು ಜಗ್ಗಬೇಕು. ಆಮೇಲೆ ಚಕ್ರವನ್ನು ಎರಡೂ ದಿಕ್ಕಿಗೆ ತಿರುಗಿಸಲು ಯತ್ನಿಸಿ, ಸಡಿಲ ಬಂದಷ್ಟನ್ನು ಮತ್ತೆ ಎಳೆದುಕೊಳ್ಳಬೇಕು. ಹೀಗೆ ಎರಡು ಮೂರು ಸಲ ಮಾಡಿದ ಮೇಲಷ್ಟೇ ಕೇಬಲ್ ಬಿಗಿಯಾಗುತ್ತದೆ. ಗೇಟ್ ವಾಲ್ವಿನಲ್ಲಿ ಒಂದು ಗೇಣು ಸಡಿಲವಿದ್ದರೂ ಹೆಚ್ಚು ತೆರೆಯಲಾರದು. ಬಾಲ್ ವಾಲ್ವಿನ ಲಿವರಿಗೆ ಅದೇ ಒಂದು ಗೇಣು ಸಿಕ್ಕರೆ ವಾಲ್ವ್ ಬಹುಪಾಲು ತೆರೆದಂತೆಯೇ. ಹಾಗಾಗಿ ಕಾಲು ಸುತ್ತಿನ ವಾಲ್ವುಗಳಿಗೆ ಕೇಬಲ್ ಕೊನೆಯ ಆಯ್ಕೆಯಾಗಿರಲಿ. ಪ್ಲಾಸ್ಟಿಕ್ ಲೇಪನವಿರುವ ಉಕ್ಕಿನ ಕೇಬಲನ್ನೇ ತರಿಸಿ, ನೈಲಾನ್ ಹಗ್ಗವನ್ನು ಒಪ್ಪಬೇಡಿ.

4. ಗಾಳಿ ಅಥವಾ ಮೋಟರಿನಿಂದ ನಡೆಯುವ ವಾಲ್ವುಗಳನ್ನು ಬೇರೆಯಾಗಿಯೇ ನೋಡಿ

ಗಾಳಿಯ ಒತ್ತಡದಿಂದ ನಡೆಯುವ ವಾಲ್ವಿಗೆ ಹೊರಗಿನ ಕವಚವನ್ನಷ್ಟೇ ಹಾಕಿದರೆ ಪ್ರಯೋಜನವಿಲ್ಲ. ಗಾಳಿಯ ಲೈನಿಗೆ ಬೀಗ ಹಾಕಿ, ಒಳಗುಳಿದ ಗಾಳಿಯನ್ನು ಹೊರಬಿಡಬೇಕು. ಬೀಗದ ತೂತಿರುವ, ಮುಚ್ಚಿದಾಗ ಮುಂದಿನ ಭಾಗದ ಗಾಳಿಯನ್ನು ತಾನೇ ಹೊರಬಿಡುವ ಪುಟ್ಟ ಬಾಲ್ ವಾಲ್ವುಗಳು ಇದಕ್ಕೆಂದೇ ದೊರೆಯುತ್ತವೆ. ಆದರೆ ಗಾಳಿ ತೆಗೆಯುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು: ಗಾಳಿ ಹೋದರೆ ಈ ವಾಲ್ವ್ ಮುಚ್ಚುತ್ತದೆಯೋ, ತೆರೆಯುತ್ತದೆಯೋ? ಒಳಗೆ ಸ್ಪ್ರಿಂಗ್ ಇರುವ ಕೆಲವು ವಾಲ್ವುಗಳು ಗಾಳಿ ಹೋದೊಡನೆ ಪೂರ್ಣ ತೆರೆದುಕೊಳ್ಳುವಂತೆ ರಚಿತವಾಗಿರುತ್ತವೆ. ಕೂಲಿಂಗ್ ನೀರಿನಂಥ ಕಡೆ ಅದು ಬೇಕೆಂದೇ ಮಾಡಿದ ಏರ್ಪಾಡು. ಅಂಥ ವಾಲ್ವನ್ನು ದುರಸ್ತಿಯ ತಡೆಯಾಗಿ ಬಳಸಬೇಡಿ, ಅದರ ಹಿಂದಿನ ಕೈವಾಲ್ವಿಗೆ ಹೋಗಿ.

1989ರ ಅಕ್ಟೋಬರ್ 23ರಂದು ಅಮೆರಿಕದ ಟೆಕ್ಸಾಸಿನ ಪಾಸಡೀನಾದಲ್ಲಿ ಪಾಲಿಎಥಿಲೀನ್ ತಯಾರಿಸುವ ಸ್ಥಾವರವೊಂದು ಸ್ಫೋಟಗೊಂಡು 23 ಮಂದಿ ಸತ್ತದ್ದು ಇಂಥದೇ ಒಂದು ವಾಲ್ವಿನಿಂದ. ಕಟ್ಟಿಕೊಂಡ ಪೈಪನ್ನು ಬಿಡಿಸುವ ಕೆಲಸ ನಡೆದಿತ್ತು. ಗಾಳಿಯಿಂದ ನಡೆಯುವ ಬಾಲ್ ವಾಲ್ವೊಂದೇ ಅಲ್ಲಿದ್ದ ತಡೆ. ಅದರ ಗಾಳಿ ನಳಿಕೆಗಳು ಅದಲುಬದಲಾಗಿದ್ದವು, ಲಾಕೌಟ್ ಸಾಧನ ಅದರ ಮೇಲಿರಲಿಲ್ಲ. ಮುಂದೆ ಬ್ಲೈಂಡ್ ಪ್ಲೇಟನ್ನೂ, ಅಂದರೆ ಪೈಪಿನ ದಾರಿಯನ್ನು ಮುಚ್ಚುವ ತೂತಿಲ್ಲದ ಗಟ್ಟಿ ತಟ್ಟೆಯನ್ನೂ, ಹಾಕಿರಲಿಲ್ಲ. ವಾಲ್ವ್ ತೆರೆದುಕೊಂಡಿತು, ಹೊರಬಿದ್ದ ಅನಿಲ ಒಂದೆರಡು ನಿಮಿಷಗಳಲ್ಲಿ ಹೊತ್ತಿಕೊಂಡಿತು.

ಮೋಟರಿನಿಂದ ನಡೆಯುವ ವಾಲ್ವಿಗೆ ಎರಡು ಬೀಗ ಬೇಕು. ಒಂದು ಪ್ಯಾನೆಲಿನಲ್ಲಿ ಅದರ ಬ್ರೇಕರಿಗೆ, ಇನ್ನೊಂದು ಅದರ ಕೈಚಕ್ರಕ್ಕೆ.

5. ಉಪ್ಪುಗಾಳಿ, ಹಬೆ, ಅಮೋನಿಯಾ: ಸಾಧನ ಯಾವ ವಸ್ತುವಿನದು?

ಬೇರೆ ಊರಿನ ಪಟ್ಟಿಯನ್ನು ಕರಾವಳಿಗೆ ನಕಲು ಮಾಡಬಾರದೆಂದು ನಾನು ಹೇಳುವುದು ಮುಖ್ಯವಾಗಿ ಈ ಹಂತಕ್ಕಾಗಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ ಬೀಸುವ ಪಣಂಬೂರು, ಮಲ್ಪೆಗಳಂಥ ಕಡೆ, ಸಾದಾ ಉಕ್ಕಿಗೆ ಸತು ಲೇಪಿಸಿದ ಹ್ಯಾಸ್ಪುಗಳು (ಹಲವು ಬೀಗಗಳನ್ನು ಒಟ್ಟಿಗೆ ಹಾಕುವ ಕೊಂಡಿಗಳು) ಬಹುಬೇಗ ತುಕ್ಕು ಹಿಡಿದು ಕೂಡಿಕೊಂಡುಬಿಡುತ್ತವೆ. ತುಕ್ಕು ಹಿಡಿದ ಬೀಗ ತೆರೆಯದಿದ್ದಾಗ ಬೋಲ್ಟ್ ಕಟ್ಟರ್ ಬರುತ್ತದೆ, ಮತ್ತು ಒಮ್ಮೆ ಬೋಲ್ಟ್ ಕಟ್ಟರ್ ಬಂದ ಕಾರ್ಖಾನೆಯಲ್ಲಿ ಬೀಗದ ಮೇಲಿನ ಗೌರವ ಉಳಿಯುವುದಿಲ್ಲ. ತೆರೆದ ಜಾಗದ ವಾಲ್ವುಗಳಿಗೆ ನೈಲಾನ್ ಅಥವಾ ಪಾಲಿಪ್ರೊಪಿಲೀನ್ ಕವಚ, ಲೋಹವೇ ಬೇಕಾದ ಕಡೆ ಸ್ಟೇನ್‌ಲೆಸ್ ಸ್ಟೀಲ್ ತರಿಸಿ. ಸ್ಟೇನ್‌ಲೆಸ್ಸಿನಲ್ಲೂ 304ಕ್ಕಿಂತ 316 ದರ್ಜೆ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ.

ಹಬೆಯ ಲೈನಿನಲ್ಲಿ ಲೆಕ್ಕ ಬೇರೆ. ಗೇಜಿನಲ್ಲಿ 7 ಕೆಜಿ (ಅಂದರೆ ಚದರ ಸೆಂಟಿಮೀಟರಿಗೆ 7 ಕೆಜಿ ಒತ್ತಡ) ತೋರಿಸುವ ಹಬೆಯ ಬಿಸಿ ಸುಮಾರು 170 ಡಿಗ್ರಿ ಸೆಲ್ಸಿಯಸ್. ಪಾಲಿಪ್ರೊಪಿಲೀನ್ ಅದಕ್ಕೂ ಮೊದಲೇ ಕರಗುತ್ತದೆ. ಚಕ್ರ ಅಷ್ಟು ಬಿಸಿಯಾಗುವುದಿಲ್ಲ ನಿಜ, ಆದರೆ ಗ್ಲ್ಯಾಂಡ್, ಅಂದರೆ ಸ್ಪಿಂಡಲಿನ ಸುತ್ತಲಿನ ಬಿಗಿತದ ಭಾಗ, ಸೋರುತ್ತಿದ್ದರೆ ಕವಚದ ನಡುಭಾಗ ನೇರವಾಗಿ ಹಬೆಗೆ ಒಡ್ಡಿಕೊಳ್ಳುತ್ತದೆ. ಗೇರುಬೀಜ ಬೇಯಿಸುವ ಬಾಯ್ಲರಿನ ಮುಖ್ಯ ಹಬೆ ವಾಲ್ವಿಗೆ ಉಕ್ಕಿನ ಕವಚವನ್ನೇ ಆರಿಸಿ.

ಐಸ್ ಪ್ಲಾಂಟಿನವರು ಹಿತ್ತಾಳೆಯ ಬೀಗಗಳನ್ನು, ತಂಪು ಮಾಡಲು ಬಳಸುವ ಅಮೋನಿಯಾದ ಹತ್ತಿರ ಇಡಲೇಬಾರದು. ಅಮೋನಿಯಾ ಮತ್ತು ತೇವ ಸೇರಿದರೆ ಬಿಗಿತದಲ್ಲಿರುವ ಹಿತ್ತಾಳೆ ಬಿರುಕು ಬಿಡುತ್ತದೆ. ಈ ಸಂಗತಿ ಲೋಹತಜ್ಞರ ಗಮನಕ್ಕೆ ಬಂದದ್ದೂ ನಮ್ಮ ದೇಶದ ಮಳೆಗಾಲದಿಂದಲೇ. ಬ್ರಿಟಿಷರ ಕಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ಬಿರುಕು ಬಿಡುತ್ತಿದ್ದವು. ಕುದುರೆಯ ಮೂತ್ರದಿಂದೇಳುವ ಅಮೋನಿಯಾವೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಕಂಪ್ರೆಸರ್ ಕೊಠಡಿಗೆ ನೈಲಾನ್ ಮೈಯ, ಸ್ಟೇನ್‌ಲೆಸ್ ಕೊಂಡಿಯ ಬೀಗಗಳೇ ಸರಿ.

6. ಬೀಗ, ಹ್ಯಾಸ್ಪ್ ಮತ್ತು ಟ್ಯಾಗು

ಒಬ್ಬನಿಗೆ ಒಂದು ಬೀಗ, ಒಂದೇ ಕೀಲಿಕೈ, ಅದು ಅವನ ಕಿಸೆಯಲ್ಲಿ. ಇದರಲ್ಲಿ ರಿಯಾಯಿತಿ ಇಲ್ಲ. ಕೊಳ್ಳುವಾಗ ಪ್ರತಿ ಬೀಗಕ್ಕೂ ಬೇರೆ ಕೀಲಿಕೈ ಇರುವ ಜೋಡಿಯನ್ನೇ ಕೇಳಿ, ಮತ್ತು ತೆರೆದಿರುವಾಗ ಕೀಲಿಕೈ ಹೊರಬಾರದ ಬಗೆಯನ್ನು ಆರಿಸಿ. ಆಗ ಬೀಗ ಹಾಕದೆ ಕೀಲಿಕೈಯನ್ನಷ್ಟೇ ಒಯ್ಯಲು ಸಾಧ್ಯವಾಗುವುದಿಲ್ಲ. ಸಾಮಾನ್ಯವಾಗಿ ಸಿಗುವ ಸುರಕ್ಷತಾ ಬೀಗದ ಕೊಂಡಿ 6 ಮಿಲಿಮೀಟರ್ ದಪ್ಪ, 38 ಮಿಲಿಮೀಟರ್ ಎತ್ತರವಿರುತ್ತದೆ. ನಿಮ್ಮ ವಾಲ್ವಿನ ತೂತಿಗೆ ಆ ದಪ್ಪ ಹಿಡಿಸುತ್ತದೆಯೇ ಎಂದು ಒಂದನ್ನು ತಂದು ನೋಡಿದ ಮೇಲೆ ಉಳಿದವನ್ನು ತರಿಸಿ. ಗೋಡೌನಿಗೆ, ಗೇಟಿಗೆ ಬಳಸುವ ಬೀಗ ಬೇರೆ ಬಣ್ಣದ್ದಿರಲಿ.

ಒಂದೇ ವಾಲ್ವಿನ ಮುಂದೆ ಹಲವರು ಕೆಲಸ ಮಾಡುವಾಗ ಹ್ಯಾಸ್ಪ್ ಬೇಕಾಗುತ್ತದೆ. ಇದು ಒಂದು ಬಾಯಿ ಮತ್ತು ಸಾಮಾನ್ಯವಾಗಿ ಆರು ತೂತುಗಳಿರುವ ಕೊಂಡಿ. ಕೊನೆಯವನು ತನ್ನ ಬೀಗ ತೆಗೆಯುವ ತನಕ ಅದು ತೆರೆಯುವುದಿಲ್ಲ. ಗುತ್ತಿಗೆದಾರನ ಹುಡುಗರಿಗೂ ಅವರವರದೇ ಬೀಗ ಕೊಡಿ. "ಸೂಪರ್‌ವೈಸರ್ ಬೀಗ ಹಾಕಿದ್ದಾರೆ, ಸಾಕು" ಎನ್ನುವ ಕಡೆ, ಸೂಪರ್‌ವೈಸರ್ ಊಟಕ್ಕೆ ಹೋಗಿ ಬಂದು ಕೆಲಸ ಮುಗಿದಿದೆ ಎಂದುಕೊಂಡರೆ ಪೈಪಿನೊಳಗೆ ಕೈ ಇಟ್ಟವನಿಗೆ ಅದು ತಿಳಿಯುವ ದಾರಿಯೇ ಇಲ್ಲ. ವಾಲ್ವುಗಳೂ ಜನರೂ ಹೆಚ್ಚಿದ್ದರೆ, ವಾಲ್ವುಗಳ ಬೀಗದ ಕೀಲಿಕೈಗಳನ್ನೆಲ್ಲ ಒಂದು ಪೆಟ್ಟಿಗೆಯೊಳಗೆ ಹಾಕಿ, ಆ ಪೆಟ್ಟಿಗೆಗೆ ಪ್ರತಿಯೊಬ್ಬನೂ ತನ್ನ ಬೀಗ ಹಾಕುವ ಕ್ರಮವನ್ನು ಅನುಸರಿಸಿ.

ಟ್ಯಾಗಿನಲ್ಲಿ ಹೆಸರು, ಫೋನ್ ನಂಬರು, ತಾರೀಕು, ಕೆಲಸದ ವಿವರ ಇರಬೇಕು. ಸಾಧ್ಯವಾದರೆ ಫೋಟೊ ಕೂಡ. ಆಟಿ ತಿಂಗಳ ಜಡಿಮಳೆಗೆ ಸಾದಾ ರಟ್ಟಿನ ಟ್ಯಾಗು ಒಂದು ದಿನವೂ ಬಾಳದು, ಬಾಲ್‌ಪೆನ್ನಿನ ಬರಹ ಅಳಿಸಿಹೋಗುತ್ತದೆ. ಪ್ಲಾಸ್ಟಿಕ್ ಟ್ಯಾಗು, ನೀರಿಗೆ ಹೋಗದ ಮಾರ್ಕರ್ ಪೆನ್ನು, ಕಟ್ಟಲು ಗಟ್ಟಿ ನೈಲಾನ್ ಟೈ, ಈ ಮೂರನ್ನೂ ಒಟ್ಟಿಗೆ ತರಿಸಿ. ಬರಹ ಕನ್ನಡದಲ್ಲಿ ದೊಡ್ಡದಾಗಿರಲಿ, ಕೆಳಗೆ ಹಿಂದಿಯೂ ಇರಲಿ. ಫಿಟ್ಟರ್ ತುಳುವಿನಲ್ಲಿ ಮಾತನಾಡುವ, ಹೆಲ್ಪರ್ ಒಡಿಶಾದಿಂದಲೋ ಬಿಹಾರದಿಂದಲೋ ಬಂದಿರುವ ಕಡೆ ಇಂಗ್ಲಿಷಿನಲ್ಲಿ ಮಾತ್ರ ಬರೆದ ಟ್ಯಾಗನ್ನು ಓದುವವರು ಯಾರು?

7. ಬೀಗ ಸಾಕಾಗದ ಜಾಗಗಳನ್ನು ಗುರುತಿಸಿ

ಬೀಗ ವಾಲ್ವನ್ನು ತಿರುಗದಂತೆ ಹಿಡಿಯುತ್ತದೆ, ವಾಲ್ವ್ ಸೋರದಂತೆ ಹಿಡಿಯುವುದಿಲ್ಲ. ಹಳೆಯ ಗೇಟ್ ವಾಲ್ವುಗಳು ಮುಚ್ಚಿದ್ದರೂ ಪಾಸಾಗುತ್ತವೆ, ಅಂದರೆ ಒಳಗಿಂದೊಳಗೆ ಹರಿಯಬಿಡುತ್ತವೆ. ಅದಕ್ಕಾಗಿ ಮನುಷ್ಯ ಒಳಗೆ ಇಳಿಯುವ ಯಾವುದೇ ಟ್ಯಾಂಕು, ಗುಂಡಿ, ಬಾಯ್ಲರಿಗೆ ವಾಲ್ವಿನ ಬೀಗವನ್ನು ಮಾತ್ರ ನೆಚ್ಚಿಕೊಳ್ಳಬಾರದು. ಪೈಪಿನ ಒಂದು ತುಂಡನ್ನು ಬಿಚ್ಚಿ ತೆಗೆಯಬೇಕು, ಇಲ್ಲವೇ ಫ್ಲೇಂಜುಗಳ, ಅಂದರೆ ಎರಡು ಪೈಪುಗಳನ್ನು ಬೋಲ್ಟಿನಿಂದ ಕೂಡಿಸುವ ಅಂಚುಬಿಲ್ಲೆಗಳ, ನಡುವೆ ಬ್ಲೈಂಡ್ ಪ್ಲೇಟ್ ಹಾಕಬೇಕು. ಎರಡು ಬಾಯ್ಲರುಗಳು ಒಂದೇ ಹಬೆ ಪೈಪಿಗೋ ಒಂದೇ ಬ್ಲೋಡೌನ್ ಪೈಪಿಗೋ (ಬಾಯ್ಲರಿನ ಕೊಳೆನೀರನ್ನು ಹೊರಬಿಡುವ ಪೈಪು) ಸೇರಿದ್ದರೆ, ಪಕ್ಕದ ಬಾಯ್ಲರಿನಿಂದ ಹಿಮ್ಮುಖವಾಗಿ ಬರುವ ಹಬೆಯನ್ನು ಮರೆಯಬೇಡಿ. ಫಿಶ್‌ಮೀಲ್ ಘಟಕಗಳಲ್ಲಿ ಕೊಳೆತ ಮೀನಿನ ನೀರು ನಿಂತ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದು ಹೊರಗಿನಿಂದ ಬರುವುದಲ್ಲವಾದ್ದರಿಂದ ಯಾವ ಬೀಗವೂ ಅದನ್ನು ತಡೆಯದು, ಮತ್ತು ಹೆಚ್ಚಿನ ಪ್ರಮಾಣದಲ್ಲಿ ಮೂಗಿಗೆ ವಾಸನೆಯೂ ತಿಳಿಯದಾಗುತ್ತದೆ. ಅನಿಲ ಮಾಪಕದಿಂದ ಅಳೆಯದೆ ಯಾರನ್ನೂ ಇಳಿಸಬೇಡಿ.

ಐಸ್ ಪ್ಲಾಂಟಿನವರಿಗೆ ಇನ್ನೊಂದು ಎಚ್ಚರಿಕೆ. ದ್ರವ ಅಮೋನಿಯಾ ತುಂಬಿದ ಪೈಪಿನ ಎರಡೂ ತುದಿಯ ವಾಲ್ವುಗಳನ್ನು ಮುಚ್ಚಿ ಬೀಗ ಹಾಕಿದರೆ, ಬಿಸಿಯೇರಿದಂತೆ ಹಿಗ್ಗಲು ಜಾಗವಿಲ್ಲದ ದ್ರವ ಪೈಪನ್ನೇ ಒಡೆಯಬಲ್ಲದು. ಮೊದಲು ದ್ರವವನ್ನು ರಿಸೀವರಿಗೆ (ದ್ರವ ಅಮೋನಿಯಾ ಕೂಡಿಡುವ ಪಾತ್ರೆಗೆ) ಎಳೆದು ತೆಗೆಯಿರಿ, ಅಂದರೆ ಪಂಪ್‌ಡೌನ್ ಮಾಡಿರಿ, ಆಮೇಲೆ ಬೀಗ. ನಮ್ಮ 30 ಡಿಗ್ರಿಯ ಸೆಖೆಯಲ್ಲಿ ರಿಸೀವರಿನ ಅಮೋನಿಯಾ ಸುಮಾರು 11 ಕೆಜಿ ಒತ್ತಡದಲ್ಲಿರುತ್ತದೆ ಎಂಬುದು ನೆನಪಿರಲಿ.

8. ಬೀಗ ಹಾಕಿದ ಮೇಲೆ ಸಾಬೀತು ಮಾಡಿಕೊಳ್ಳಿ

ಸಾಧನ ಹಾಕಿದವನೇ ಚಕ್ರವನ್ನೋ ಲಿವರನ್ನೋ ತಿರುಗಿಸಲು ಯತ್ನಿಸಬೇಕು. ಆಮೇಲೆ ಡ್ರೈನ್ ತೆರೆದು ಒತ್ತಡ ಇಳಿದದ್ದನ್ನು ಕಣ್ಣಾರೆ ನೋಡಬೇಕು. ಗೇಜಿನ ಮುಳ್ಳು ಸೊನ್ನೆಯಲ್ಲಿದೆ ಎಂಬುದು ಪುರಾವೆಯಲ್ಲ, ಏಕೆಂದರೆ ಗೇಜಿನ ಕೆಳಗಿನ ಕಾಕ್, ಅಂದರೆ ಪುಟ್ಟ ನಲ್ಲಿ, ಮುಚ್ಚಿರಬಹುದು. ಡ್ರೈನಿನಿಂದ ಏನೂ ಬರಲಿಲ್ಲ ಎಂಬುದೂ ಪುರಾವೆಯಲ್ಲ, ಅದು ಕಸ ಕಟ್ಟಿರಬಹುದು. ಒತ್ತಡದ ದಾರಿಗೆ ಮುಖ ಕೊಡದೆ ಒಂದು ಕಡ್ಡಿ ಹಾಯಿಸಿ ಖಚಿತಮಾಡಿಕೊಳ್ಳಿ. ಫ್ಲೇಂಜ್ ಬಿಚ್ಚುವಾಗ ನಿಮ್ಮಿಂದ ದೂರದ ಬೋಲ್ಟನ್ನು ಮೊದಲು ಸಡಿಲಿಸಿ, ಒಳಗೇನಾದರೂ ಉಳಿದಿದ್ದರೆ ಅದು ಆಚೆ ಕಡೆಗೆ ಚಿಮ್ಮಲಿ.

ಬೀಗ ಹಾಕಿದವನು ಮರೆತು ಮನೆಗೆ ಹೋದರೆ ಏನು ಮಾಡಬೇಕೆಂಬುದನ್ನು ಮೊದಲೇ ಬರೆದಿಡಿ: ಅವನು ಆವರಣದಲ್ಲಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು, ಫೋನಿನಲ್ಲಿ ಅವನನ್ನು ಸಂಪರ್ಕಿಸಲು ಯತ್ನಿಸಬೇಕು, ಹೊಣೆಯುಳ್ಳ ಅಧಿಕಾರಿಯ ಸಹಿಯೊಂದಿಗೆ ಬೀಗ ತೆಗೆಯಬೇಕು, ಮತ್ತು ಮರುದಿನ ಅವನು ಕೆಲಸಕ್ಕೆ ಕೈಹಾಕುವ ಮೊದಲೇ ಅವನಿಗೆ ತಿಳಿಸಬೇಕು.

9. ಒಂದೊಂದನ್ನು ತಂದು ನೋಡಿ, ಆಮೇಲೆ ಖರೀದಿಸಿ

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಬಗೆಯಲ್ಲಿ ಒಂದೊಂದನ್ನೇ ಮಾದರಿಗೆ ತರಿಸಿ. ಅದನ್ನು ಆಫೀಸಿನ ಮೇಜಿನ ಮೇಲೆ ನೋಡಬೇಡಿ. ವಾಲ್ವಿನ ಬಳಿಗೆ ಒಯ್ದು, ಒದ್ದೆ ಗ್ಲೌಸ್ ತೊಟ್ಟ ಫಿಟ್ಟರಿನ ಕೈಗೆ ಕೊಟ್ಟು, ಅವನು ಹಾಕುವುದನ್ನು ನೋಡಿ. ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ ಹಾಕಲಾಗದ ಸಾಧನ ಮಳೆಯ ದಿನ ಕೆಳಗೇ ಉಳಿಯುತ್ತದೆ. ಹಣ ಎಲ್ಲದಕ್ಕೂ ಸಾಲದಿದ್ದರೆ, ಮೊದಲು ಅಮೋನಿಯಾ ಮತ್ತು ಹಬೆಯ ವಾಲ್ವುಗಳಿಗೆ, ಟ್ಯಾಂಕುಗಳಿಗೆ ಸೇರುವ ಲೈನುಗಳಿಗೆ ಖರ್ಚು ಮಾಡಿ. ತಣ್ಣೀರಿನ ವಾಲ್ವುಗಳು ಮುಂದಿನ ವರ್ಷಕ್ಕೆ ಕಾಯಬಲ್ಲವು. ಇನ್ನು ಮುಂದೆ ವಾಲ್ವ್ ಬದಲಿಸುವಾಗಲೆಲ್ಲ ಬೀಗದ ತೂತಿರುವ ವಾಲ್ವನ್ನೇ ಆರ್ಡರಿನಲ್ಲಿ ಬರೆಯಿರಿ.

ಅಳತೆಯ ಕೆಲಸವನ್ನು ಮಾರ್ಚಿನಲ್ಲಿ ಮುಗಿಸಿದರೆ ಏಪ್ರಿಲಿನಲ್ಲಿ ಮಾದರಿಗಳನ್ನು ಪರೀಕ್ಷಿಸಬಹುದು, ಮೇ ಎರಡನೆಯ ವಾರದೊಳಗೆ ಸಾಮಾನು ಕೈಸೇರುತ್ತದೆ. ಬಂದ ಸಾಧನಗಳನ್ನು ಕೀಲಿ ಹಾಕಿದ ಸ್ಟೋರಿನಲ್ಲಿ ಇಡದೆ, ಕೆಲಸದ ಜಾಗದ ಹತ್ತಿರ, ಮಳೆ ಎರಚಲು ಬೀಳದ ಗೋಡೆಗೆ ಒಂದು ಹಲಗೆ ಹೊಡೆದು, ಯಾವ ಸಂಖ್ಯೆಯ ವಾಲ್ವಿಗೆ ಯಾವ ಸಾಧನ ಎಂದು ಬರೆದು ತೂಗುಹಾಕಿ. ಮೇ ಕೊನೆಯ ವಾರ ಪ್ರತಿಯೊಂದನ್ನೂ ಅದರದರ ವಾಲ್ವಿಗೆ ಒಮ್ಮೆ ಹಾಕಿ, ಬೀಗ ತೆರೆದು ಮುಚ್ಚಿ ನೋಡಿ. ಕೂಡದೇ ಇದ್ದದ್ದನ್ನು ಬದಲಿಸಿಕೊಳ್ಳಲು ಜೂನ್ 1ಕ್ಕೆ ಮೊದಲು ಇನ್ನೂ ಕೆಲವು ದಿನಗಳಿರುತ್ತವೆ.